ಅಣುಗಳ ಮಿಡಿತ ಕಂಡ ಸಿ. ವಿ. ರಾಮನ್

ಮಕ್ಕಳೇ, ಕೆರೆಬಿಳಚಿಯ ಬಳಿಯ ಶಾಂತಿಸಾಗರದ ಏರಿಯ ಮೇಲೆ ನಿಂತು ನೋಡಿದ್ದೀರಾ? ಬಿಸಿಲಿನ ದಿನ ಕೆರೆ ನೀಲಿಯಾಗಿ ಕಾಣುತ್ತದೆ. ಬೊಗಸೆಯಲ್ಲಿ ನೀರು ಹಿಡಿದರೆ ಬಣ್ಣವೇ ಇಲ್ಲ! ಕೆರೆಯ ನೀಲಿ ಬಹುಪಾಲು ಆಕಾಶದ ಪ್ರತಿಬಿಂಬ. ಹಾಗಾದರೆ ಸಮುದ್ರದ ನೀಲಿ?

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಚಂದ್ರಶೇಖರ ವೆಂಕಟ ರಾಮನ್ ಅವರನ್ನು ಈ ಪ್ರಶ್ನೆ ಕಾಡಿತು. ಅದೂ ಆಕಾಶದ ಪ್ರತಿಬಿಂಬವೇ ಎಂದು ಆಗ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. ರಾಮನ್ ಒಂದು ಪಟ್ಟಕವನ್ನು ಕಣ್ಣಿಗೆ ಹಿಡಿದು ಆಕಾಶದ ಪ್ರತಿಫಲನವನ್ನು ಮರೆಮಾಡಿದರು. ನೀಲಿ ಮಾಯವಾಗಲಿಲ್ಲ! ನೀರಿನ ಅಣುಗಳು ಬೆಳಕನ್ನು ಚದುರಿಸುತ್ತವೆ ಎಂದು ಅವರು ತೋರಿಸಿದರು. (ನೀರು ಕೆಂಪು ಬೆಳಕನ್ನು ಸ್ವಲ್ಪ ಹೀರಿಕೊಳ್ಳುವುದೂ ಮುಖ್ಯ ಕಾರಣವೆಂದು ಈಗ ತಿಳಿದಿದೆ.)

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. 18ನೇ ವಯಸ್ಸಿಗೇ ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿ. ಆದರೆ ಮನಸ್ಸೆಲ್ಲ ಪ್ರಯೋಗದಲ್ಲಿ. ಕಚೇರಿಗೆ ಹೋಗುವ ಮೊದಲು, ಕಚೇರಿ ಬಿಟ್ಟ ಮೇಲೆ ಪ್ರಯೋಗಾಲಯಕ್ಕೆ ಓಡುತ್ತಿದ್ದರು. 1917ರಲ್ಲಿ ಆ ದೊಡ್ಡ ಸಂಬಳದ ಕೆಲಸ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು. ಮೃದಂಗದ ನಡುವಿನ ಕಪ್ಪು ಕರಣೆಯಿಂದ ನಾದ ಹೇಗೆ ಇಂಪಾಗುತ್ತದೆ ಎಂಬುದನ್ನೂ ಅವರು ಕಂಡುಹಿಡಿದರು.

ಮಡಕೆ ಕೊಳ್ಳುವಾಗ ಅಜ್ಜಿ ಬೆರಳಿನಿಂದ ತಟ್ಟಿ ನೋಡುತ್ತಾಳಲ್ಲವೆ? ಸದ್ದಿನಿಂದಲೇ ಅದು ಗಟ್ಟಿಯೋ ಬಿರುಕೋ ತಿಳಿಯುತ್ತದೆ. ಅಣುವನ್ನೂ ಹಾಗೆ ತಟ್ಟಬಹುದೆ? ತಟ್ಟಬಹುದು, ಬೆಳಕಿನಿಂದ!

ರಾಮನ್ ಮತ್ತು ಅವರ ಶಿಷ್ಯರು ಬಿಸಿಲನ್ನು ಮಸೂರದಿಂದ ಒಟ್ಟುಗೂಡಿಸಿ, ನೇರಳೆ ಗಾಜಿನ ಮೂಲಕ ದ್ರವಗಳ ಮೇಲೆ ಹಾಯಿಸಿದರು. ಚದುರಿ ಬಂದ ಬೆಳಕನ್ನು, ನೇರಳೆಯನ್ನು ಪೂರ್ತಿ ತಡೆಯುವ ಇನ್ನೊಂದು ಗಾಜಿನಿಂದ ನೋಡಿದರು. ಏನೂ ಕಾಣಬಾರದಿತ್ತು. ಆದರೂ ಮಸುಕಾದ ಬೆಳಕು ಮಿನುಗಿತು! ದ್ರವದಲ್ಲಿನ ಕಸದಿಂದ ಹೀಗಾಗುತ್ತಿದೆಯೆ? ಹಾಗಿದ್ದರೆ ವರ್ಷಗಳ ದುಡಿಮೆಯೆಲ್ಲ ವ್ಯರ್ಥ. ದ್ರವಗಳನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿ ಶುದ್ಧ ಮಾಡಿದರು. ಬೆಳಕು ಹೋಗಲಿಲ್ಲ. 1928ರ ಫೆಬ್ರವರಿ 28ರಂದು ರೋಹಿತದರ್ಶಕದಲ್ಲಿ ನೋಡಿದಾಗ ಹೊಸ ಬಣ್ಣ ಬೇರೆಯಾಗಿಯೇ ಕಂಡಿತು. ಈ ಕೆಲಸದಲ್ಲಿ ಜೊತೆಯಾಗಿದ್ದ ಕೆ. ಎಸ್. ಕೃಷ್ಣನ್ ಅವರ ಹೆಸರನ್ನು ಅನೇಕರು ಮರೆಯುತ್ತಾರೆ, ನೀವು ಮರೆಯಬೇಡಿ. ಅದೇ ದಿನಗಳಲ್ಲಿ ಮಾಸ್ಕೋದ ಇಬ್ಬರು ವಿಜ್ಞಾನಿಗಳೂ ಹರಳುಗಳಲ್ಲಿ ಇದನ್ನೇ ಕಂಡರು. ಆದರೆ ಮೊದಲು ಪ್ರಕಟಿಸಿದವರು ರಾಮನ್. 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಬಣ್ಣ ಬದಲಾದದ್ದೇಕೆ? ಅಣುವಿನೊಳಗೆ ಪರಮಾಣುಗಳು ಸದಾ ಮಿಡಿಯುತ್ತಿರುತ್ತವೆ. ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಪಾಲು ಈ ಮಿಡಿತಕ್ಕೆ ತನ್ನ ಶಕ್ತಿಯನ್ನು ಸ್ವಲ್ಪ ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. ಬೆಂಜೀನ್ ಮತ್ತು ಟೊಲೀನ್ ಎಂಬ ಸಾವಯವ ದ್ರವಗಳು ಕಣ್ಣಿಗೆ ಎರಡೂ ನೀರಿನಂತೆಯೇ. ಆದರೆ ಅವುಗಳ ಮಿಡಿತ ಬೇರೆ, ರೋಹಿತದಲ್ಲಿ ಮೂಡುವ ಗೆರೆಗಳೂ ಬೇರೆ.

ಇದಕ್ಕೆ ಜೊತೆಯಾದ ಇನ್ನೊಂದು ವಿಧಾನವಿದೆ. ಒಲೆಯ ಬಳಿ ಕುಳಿತಾಗ ಮೈಗೆ ತಾಗುವ ಕಾವಿನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿರುತ್ತವೆ. ಅಣು ತನ್ನ ಮಿಡಿತಕ್ಕೆ ಹೊಂದುವ ಕಿರಣವನ್ನಷ್ಟೇ ನುಂಗುತ್ತದೆ. ಯಾವುದು ಕಾಣೆಯಾಯಿತೆಂದು ನೋಡಿ ಅಣುವನ್ನು ಗುರುತಿಸುತ್ತಾರೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಂತೂ ಅಣುವನ್ನೇ ಒಡೆದು ಚೂರುಗಳನ್ನು ತೂಗುತ್ತದೆ! ರಾಮನ್ ವಿಧಾನದಲ್ಲಿ ಒಡೆಯಬೇಕಿಲ್ಲ. ಈಗ ಔಷಧದ ಪುಡಿ ಯಾವುದೆಂದು ಪಾರದರ್ಶಕ ಚೀಲ ಬಿಚ್ಚದೆಯೇ, ಲೇಸರ್ ಹಾಯಿಸಿ ಹೇಳುತ್ತಾರೆ.

ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. 1948ರಲ್ಲಿ ಅದೇ ಊರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಮುಪ್ಪಿನಲ್ಲಿ ಗುಲಾಬಿ ದಳಗಳ ಬಣ್ಣವನ್ನು ರೋಹಿತದರ್ಶಕದಲ್ಲಿ ನೋಡುತ್ತಿದ್ದರು. 1970ರ ನವೆಂಬರ್ 21ರಂದು ತೀರಿಕೊಂಡಾಗ, ಆ ಸಂಸ್ಥೆಯ ತೋಟದಲ್ಲಿಯೇ ಅವರ ಅಂತ್ಯಕ್ರಿಯೆ ನಡೆಯಿತು.