ಕಾರ್ನೆಲಿಯಾ ಸೊರಾಬ್ಜಿ

ಕಾರ್ನೆಲಿಯಾ ಸೊರಾಬ್ಜಿಯವರು 1866ರಲ್ಲಿ ನಾಸಿಕದಲ್ಲಿ ಜನಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿದ ಪ್ರಥಮ ಮಹಿಳೆ ಇವರೇ. 1892ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಸ್ತ್ರೀಯೆಂಬ ಕಾರಣದಿಂದ ಆಗ ಇವರಿಗೆ ಪದವಿ ದೊರೆಯಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೂ ವಕೀಲಿ ವೃತ್ತಿಗೆ ಅದೇ ಅಡ್ಡಿಯಾಯಿತು.

ಆ ಕಾಲದಲ್ಲಿ ಬಂಗಾಳದ ಜಮೀನ್ದಾರಿ ಮನೆತನಗಳ ಅನೇಕ ವಿಧವೆಯರು ಪರದೆಯ ಮರೆಯಲ್ಲಿ ಬಾಳುತ್ತಿದ್ದರು. ಪರಪುರುಷರೊಡನೆ ಮಾತನಾಡುವಂತಿಲ್ಲದ ಅವರು ವಕೀಲರಲ್ಲಿ ತಮ್ಮ ಅಹವಾಲನ್ನು ಹೇಗೆ ತಾನೆ ಹೇಳಿಕೊಂಡಾರು? ಅಂಥವರ ಆಸ್ತಿಪಾಸ್ತಿಯ ಮೇಲ್ವಿಚಾರಣೆ ನಡೆಸುತ್ತಿದ್ದ ‘ಕೋರ್ಟ್ ಆಫ್ ವಾರ್ಡ್ಸ್’ ಎಂಬ ಸರ್ಕಾರಿ ಸಂಸ್ಥೆಗೆ 1904ರಲ್ಲಿ ಸೊರಾಬ್ಜಿಯವರು ನೇಮಕಗೊಂಡರು. ಅಂತಃಪುರಗಳಿಗೆ ತಾವೇ ತೆರಳಿ, ಆ ಸ್ತ್ರೀಯರ ಹಕ್ಕುಗಳ ರಕ್ಷಣೆಗೂ ಮಕ್ಕಳ ವಿದ್ಯಾಭ್ಯಾಸಕ್ಕೂ ಶ್ರಮಿಸಿದರು.

1923ರ ಕಾಯಿದೆಯು ಮಹಿಳೆಯರಿಗೆ ವಕೀಲಿ ವೃತ್ತಿಯ ಬಾಗಿಲನ್ನು ತೆರೆಯಿತು. ಐವತ್ತು ದಾಟಿದ್ದ ಸೊರಾಬ್ಜಿಯವರು ಕಲಕತ್ತೆಯಲ್ಲಿ ವೃತ್ತಿಯನ್ನಾರಂಭಿಸಿದರು. 1954ರಲ್ಲಿ ನಿಧನರಾದರು. ನ್ಯಾಯಾಲಯಕ್ಕೆ ಬರಲಾರದವರ ಬಳಿಗೆ ನ್ಯಾಯವೇ ಹೋಗಬೇಕೆಂಬುದನ್ನು ಅವರ ಬಾಳು ತೋರಿಸಿಕೊಟ್ಟಿತು.