ವೆಂಕಟರಾಮನ್ ರಾಧಾಕೃಷ್ಣನ್

ವೆಂಕಟರಾಮನ್ ರಾಧಾಕೃಷ್ಣನ್ (18 ಮೇ 1929 – 3 ಮಾರ್ಚ್ 2011) ಅವರು ಭಾರತದ ಪ್ರಸಿದ್ಧ ರೇಡಿಯೊ ಖಗೋಳ ವಿಜ್ಞಾನಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ 1972ರಿಂದ 1994ರವರೆಗೆ ಸೇವೆ ಸಲ್ಲಿಸಿದರು.

ಬಾಲ್ಯ ಮತ್ತು ವಿದೇಶ ವಾಸ

ನೊಬೆಲ್ ಪುರಸ್ಕೃತ ಸಿ. ವಿ. ರಾಮನ್ ಹಾಗೂ ಲೋಕಸುಂದರಿ ದಂಪತಿಗಳ ಮಗನಾಗಿ ಮದರಾಸಿನಲ್ಲಿ ಜನಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಆನರ್ಸ್ ಪದವೀಧರರಾದ ಇವರು ಡಾಕ್ಟರೇಟ್ ಪದವಿಗಾಗಿ ಓದಲಿಲ್ಲ. ತಂದೆಯ ಕೀರ್ತಿಯ ನೆರಳಿನಿಂದ ದೂರದಲ್ಲಿ, ಸ್ವೀಡನ್, ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ದುಡಿದು ತಮ್ಮದೇ ಹೆಸರು ಗಳಿಸಿದರು. ಹಾಯಿದೋಣಿಯ ಪ್ರಯಾಣ ಇವರ ಮೆಚ್ಚಿನ ಹವ್ಯಾಸವಾಗಿತ್ತು.

ಸಂಶೋಧನೆ

ಗುರುಗ್ರಹದಿಂದ ಬರುವ ರೇಡಿಯೊ ಅಲೆಗಳು ಧ್ರುವೀಕರಣಗೊಂಡಿರುವುದನ್ನು ಅಮೆರಿಕದಲ್ಲಿದ್ದಾಗ ಸಹೋದ್ಯೋಗಿಯೊಡನೆ ಕಂಡುಕೊಂಡರು. ಭೂಮಿಯಂತೆಯೇ ಗುರುವಿನ ಸುತ್ತಲೂ ವಿಕಿರಣ ಪಟ್ಟಿಗಳಿವೆಯೆಂಬುದಕ್ಕೆ ಇದು ಆಧಾರವಾಯಿತು. 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ವೇಲಾ ಪಲ್ಸಾರ್ ಅನ್ನು ಅಧ್ಯಯನ ಮಾಡಿದರು. ಪ್ರತಿ ಮಿಡಿತದಲ್ಲೂ ಧ್ರುವೀಕರಣದ ಕೋನವು ಕ್ರಮವಾಗಿ ತಿರುಗುವುದನ್ನು ಗಮನಿಸಿ, ಆ ಅಲೆಗಳು ನಕ್ಷತ್ರದ ಕಾಂತಧ್ರುವದ ಸಮೀಪದಿಂದ ಹೊರಡುತ್ತವೆಯೆಂದು ಡಿ. ಜೆ. ಕುಕ್ ಅವರೊಂದಿಗೆ ವಿವರಿಸಿದರು.

ನೆಲವೋ, ಬಾಹ್ಯಾಕಾಶವೋ

1970ರ ನವೆಂಬರ್‌ನಲ್ಲಿ ರಾಮನ್ ನಿಧನರಾದರು. ಸರ್ಕಾರದ ಹಣವನ್ನು ಅವರು ದೂರವಿಟ್ಟಿದ್ದರಿಂದ ಸಂಸ್ಥೆಯ ಭವಿಷ್ಯವೇ ಪ್ರಶ್ನೆಯಾಗಿತ್ತು. 1972ರಲ್ಲಿ ಅದು ಸರ್ಕಾರದ ಅನುದಾನ ಪಡೆಯುವ ಸಂಸ್ಥೆಯಾಗಿ, ರಾಧಾಕೃಷ್ಣನ್ ಅದರ ಹೊಣೆ ಹೊತ್ತರು. ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ಸಾಗುವ ರಸ್ತೆಯು ತಲುಪುವ ಉದಕಮಂಡಲದಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕವು 1970ರಲ್ಲೇ ಸಿದ್ಧವಾಗಿತ್ತು.

ಎಕ್ಸ್-ಕಿರಣಗಳನ್ನು ವಾಯುಮಂಡಲವು ತಡೆಯುವುದರಿಂದ ಅವುಗಳ ವೀಕ್ಷಣೆಗೆ ಬಾಹ್ಯಾಕಾಶವೇ ಗತಿ. ರೇಡಿಯೊ ಅಲೆಗಳಲ್ಲಿ ಬಹುಪಾಲು ನೆಲವನ್ನು ಮುಟ್ಟುತ್ತವೆ. ಈ ಅಲೆಗಳು ಉದ್ದವಾಗಿರುವುದರಿಂದ ಸೂಕ್ಷ್ಮ ವಿವರ ಕಾಣಲು ದೂರದರ್ಶಕವು ಬಹಳ ವಿಶಾಲವಾಗಿರಬೇಕು; ಅಷ್ಟು ದೊಡ್ಡದನ್ನು ನೆಲದ ಮೇಲೆ ಕಡಿಮೆ ವೆಚ್ಚದಲ್ಲಿ ಕಟ್ಟಬಹುದು, ಕೆಟ್ಟರೆ ದುರಸ್ತಿ ಮಾಡಬಹುದು. ಆದರೆ ಈ ಕಿಟಕಿಗೂ ಎರಡು ಅಂಚುಗಳಿವೆ. ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಅಲೆಗಳನ್ನು ಅಯಾನುಗೋಳವು ಹಿಂದಕ್ಕೆ ತಿರುಗಿಸುತ್ತದೆ. ಮಿಲಿಮೀಟರ್ ಅಲೆಗಳನ್ನು ಗಾಳಿಯ ನೀರಾವಿ ಹೀರುತ್ತದೆ.

ಇವರ ಕಾಲದಲ್ಲಿ ಸಂಸ್ಥೆಯು ಈ ಎರಡೂ ಅಂಚುಗಳ ಸಮೀಪ ನೆಲದಿಂದಲೇ ಕೆಲಸ ಮಾಡಿತು. ಭಾರತೀಯ ಖಭೌತ ಸಂಸ್ಥೆಯ ಜೊತೆಗೂಡಿ ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್‌ನ ದೂರದರ್ಶಕ ನಿರ್ಮಾಣವಾಯಿತು. ಇದರಲ್ಲಿ ತಟ್ಟೆಯಾಕಾರದ ಆಂಟೆನಾ ಇಲ್ಲ. 1000 ಡೈಪೋಲ್‌ಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಡಲಾಗಿದ್ದು, ಪೂರ್ವ–ಪಶ್ಚಿಮದ ತೋಳು 1.4 ಕಿ.ಮೀ. ಉದ್ದವಿದೆ. ಬೆಂಗಳೂರಿನ ಸಂಸ್ಥೆಯ ಆವರಣದಲ್ಲಿ ಮಿಲಿಮೀಟರ್ ಅಲೆಗಳಿಗಾಗಿ 10.4 ಮೀಟರ್ ವ್ಯಾಸದ ತಟ್ಟೆ ಆಂಟೆನಾ ಸ್ಥಾಪಿತವಾಯಿತು.

ಗೌರವಗಳು

ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಉಪಾಧ್ಯಕ್ಷರಾಗಿದ್ದರು. ಡಾಕ್ಟರೇಟ್ ಇಲ್ಲದೆಯೇ ವಿಶ್ವಮಾನ್ಯರಾದ ಇವರಿಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯವು 1996ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 2011ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.