ಸರ್ವಜ್ಞನನ್ನು ಒಟ್ಟುಗೂಡಿಸಿದ ಪಾದ್ರಿ

ಗಿರಾಕಿ ಉದ್ರಿ ಕೇಳಿದ ಅಂತಿಟ್ಟುಕೊಳ್ಳಿ. ಗಲ್ಲಾದ ಮುಂದೆ ಕುಂತ ಸಾವಕಾರರು ಇಲ್ಲ ಅಂತ ಬಾಯಿಬಿಟ್ಟು ಹೇಳೋದಿಲ್ಲ. ಸಾಲ ತರುವಾಗಿನ ಸುಖ, ತೀರಿಸುವಾಗಿನ ಸಂಕಟ ಎಂಥಾದ್ದು ಎಂಬ ಸರ್ವಜ್ಞನ ತ್ರಿಪದಿಯೊಂದನ್ನು ಹೊಡೀತಾರೆ. ಗಿರಾಕಿ ನಕ್ಕು ಕಿಸೆಗೆ ಕೈ ಹಾಕ್ತಾನೆ. ಸರ್ವಜ್ಞ ಎಲ್ಲರಿಗೂ ಗೊತ್ತು. ಆದರೆ ಊರೂರಿನ ಜನರ ಬಾಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಅವನ ಪದಗಳನ್ನು ಒಂದೇ ಪುಸ್ತಕದಲ್ಲಿ ಒಟ್ಟುಗೂಡಿಸಿದವರು ಯಾರು ಅಂತ ಕೇಳಿದರೆ? ನೂರಕ್ಕೆ ತೊಂಬತ್ತು ಮಂದಿ ತಲೆ ಕೆರೆದುಕೊಳ್ಳುತ್ತಾರೆ.

ಅವರು ನಮ್ಮ ಧಾರವಾಡದವರೇ. ಕ್ರೈಸ್ತ ಸಭೆಯ ಪಾದ್ರಿ. ಹೆಸರು ಉತ್ತಂಗಿ ಚನ್ನಪ್ಪ.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ನಮ್ಮ ಕಡೆ ಊರ ಹೆಸರೇ ಅಡ್ಡಹೆಸರಾಗುವುದು ವಾಡಿಕೆ ನೋಡಿ, ಹಡಗಲಿ ತಾಲ್ಲೂಕಿನ ಉತ್ತಂಗಿ ಅವರ ಮನೆತನದ ಮೂಲ ಊರು. ಧರ್ಮ ಬದಲಾದರೂ ಊರ ಹೆಸರು ಬಿಡಲಿಲ್ಲ, ಚನ್ನಪ್ಪ ಎಂಬ ಹೆಸರೂ ಬಿಡಲಿಲ್ಲ. ಈ ಮನುಷ್ಯನ ಇಡೀ ಬದುಕಿನ ಸಾರ ಇಷ್ಟರಲ್ಲೇ ಇದೆ ಅಂದರೂ ತಪ್ಪಿಲ್ಲ.

ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಶಾಲೆ ತೆಗೆದರು, ಸಭೆ ಕಟ್ಟಿದರು. ಮಂಗಳೂರಿನಲ್ಲಿ ಅಚ್ಚುಕೂಟ, ಹಂಚಿನ ಕಾರ್ಖಾನೆ ನಡೆಸಿದರು. ಕಿಟೆಲ್ ಸಾಹೇಬರ ನಿಘಂಟು ಅಲ್ಲಿಂದಲೇ 1894ರಲ್ಲಿ ಹೊರಬಂತು. ಆಗ ಚನ್ನಪ್ಪನಿಗೆ ಹದಿಮೂರರ ಪ್ರಾಯ. ಮುಂದೆ ಮಂಗಳೂರಿನ ಮಿಶನ್ ದೈವಜ್ಞಾನ ಶಾಲೆಯಲ್ಲೇ ಓದಿ ಪಾದ್ರಿಯಾದರು. ಹುಬ್ಬಳ್ಳಿ, ಗದಗ ಸೀಮೆಯ ಸಭೆಗಳಲ್ಲಿ ದುಡಿದರು.

ಪಾದ್ರಿಯ ಕೆಲಸ ಅಂದರೆ ಆರಾಮದ ಕೆಲಸ ಅಂತ ಯಾರೂ ತಿಳಿಯಬೇಡಿ. ಭಾನುವಾರ ಪ್ರಸಂಗ ಹೇಳಿದರೆ ಮುಗಿಯಿತು ಅನ್ನುವಂಥದ್ದಲ್ಲ. ಕೂಸಿಗೆ ದೀಕ್ಷಾಸ್ನಾನ, ಮದುವೆ, ಮಣ್ಣು ಎಲ್ಲಕ್ಕೂ ಅಯ್ಯನವರೇ ಬೇಕು. ಹಳ್ಳಿ ಹಳ್ಳಿ ತಿರುಗಬೇಕು. ಅದರ ಮೇಲೆ 1914ರಲ್ಲಿ ಮಹಾಯುದ್ಧ ಶುರುವಾಯಿತು. ಮಿಶನ್‌ನ ಜರ್ಮನ್ ಪಾದ್ರಿಗಳನ್ನು ಇಂಗ್ಲಿಷ್ ಸರ್ಕಾರ ಹಿಡಿದಿಟ್ಟು ಆಮೇಲೆ ದೇಶಕ್ಕೆ ವಾಪಸು ಕಳಿಸಿತು. ಸಭೆಗಳ ಭಾರ ಇಲ್ಲಿನವರ ಹೆಗಲಿಗೆ ಬಿತ್ತು. ಚನ್ನಪ್ಪನವರ ಪೀಳಿಗೆ ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿತದ್ದು ಆ ದಿನಗಳಲ್ಲೇ.

ಕಾಲ ಮೇಲೆ ನಿಂತ ಮೇಲೆ ಪ್ರಶ್ನೆ ಹುಟ್ಟದೆ ಇರುತ್ತದೆಯೇ? ಕ್ರೈಸ್ತನಾದವನು ತನ್ನ ಅಜ್ಜ ಮುತ್ತಜ್ಜರ ಮಾತು, ಪದ, ಶಾಸ್ತ್ರ ಎಲ್ಲವನ್ನೂ ಮನೆಯ ಹೊಸ್ತಿಲ ಹೊರಗೆ ಬಿಟ್ಟು ಬರಬೇಕೇ? ಚನ್ನಪ್ಪನವರ ಉತ್ತರ, ಬೇಕಿಲ್ಲ. 1921ರಲ್ಲಿ ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಪುಸ್ತಕ ಬರೆದರು. ಯೆಹೂದ್ಯರ ಹಳೆಯ ಒಡಂಬಡಿಕೆ ಇದ್ದಂತೆ ಈ ನಾಡಿನವರಿಗೆ ಈ ನಾಡಿನ ಶಾಸ್ತ್ರಗಳೇ ಬುನಾದಿ ಅನ್ನುವ ಧಾಟಿ ಅದರದ್ದು. ಮಿಶನ್ ವಲಯದಲ್ಲಿ ಗುಲ್ಲೆದ್ದಿತು. ಯೋಚನೆ ಮಾಡಿ ನೋಡಿ: ಸಂಬಳ ಮಿಶನ್‌ನದು, ಕೆಲಸ ಮಿಶನ್‌ನದು, ಮಾತು ಮಾತ್ರ ಸ್ವಂತದ್ದು. ಅಂಗಡಿಯಲ್ಲಿ ಆಳಾಗಿದ್ದು ಸಾವಕಾರನಿಗೆ ಎದುರು ಮಾತಾಡುವುದು ಎಷ್ಟು ಕಷ್ಟ ಅಂತ ಬಲ್ಲವರೇ ಬಲ್ಲರು. ಆದರೂ ಚನ್ನಪ್ಪನವರು ಸಭೆ ಬಿಡಲಿಲ್ಲ, ಮಾತನ್ನೂ ಬಿಡಲಿಲ್ಲ.

ಆ ಹೊತ್ತಿಗಾಗಲೇ ಸರ್ವಜ್ಞ ಅವರನ್ನು ಹಿಡಿದುಕೊಂಡಿದ್ದ. ಇದು ಎಂಥ ಕೆಲಸ ಅಂತ ಸ್ವಲ್ಪ ಹೇಳಬೇಕು. ಸರ್ವಜ್ಞ ತನ್ನ ಪದಗಳನ್ನು ಕಟ್ಟಿ ಇಟ್ಟು ಹೋದವನಲ್ಲ, ತಿರುಗುವವನು. ಅವನ ತ್ರಿಪದಿಗಳು ತಾಳೆಗರಿಯಲ್ಲಿ ಒಂದಿಷ್ಟು, ಕೈಬರಹದ ಕಟ್ಟುಗಳಲ್ಲಿ ಒಂದಿಷ್ಟು, ಉಳಿದದ್ದು ರೈತರ, ಮುದುಕಿಯರ, ಶಾಲೆ ಮಾಸ್ತರರ ಬಾಯಲ್ಲಿ. ಒಂದೇ ಪದ ಒಂದೊಂದು ಊರಲ್ಲಿ ಒಂದೊಂದು ಥರ. ಯಾರೋ ಕಟ್ಟಿದ ಪದಕ್ಕೆ ಕೊನೆಯಲ್ಲಿ ಸರ್ವಜ್ಞನ ಹೆಸರು ಅಂಟಿಸಿದ್ದೂ ಉಂಟು. ಕೋಟಿಗಟ್ಟಲೆ ಪದ ಹೇಳಿದ್ದಾನೆ ಅನ್ನುವ ಪ್ರತೀತಿ ಬೇರೆ. ಇದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು? ಕೇಳಬೇಕು, ಬರೆದುಕೊಳ್ಳಬೇಕು, ಒಂದರ ಪಕ್ಕ ಇನ್ನೊಂದನ್ನು ಇಟ್ಟು ತೂಗಬೇಕು.

ಚನ್ನಪ್ಪನವರು ಇಷ್ಟನ್ನೂ ಪಾದ್ರಿಯ ಕೆಲಸದ ನಡುವೆಯೇ ಮಾಡಿದರು. 1924ರಲ್ಲಿ ಸರ್ವಜ್ಞನ ವಚನಗಳು ಪುಸ್ತಕವಾಗಿ ಬಂತು. ಸುಮಾರು ಎರಡು ಸಾವಿರ ತ್ರಿಪದಿ, ವಿಷಯವಾರು ವಿಂಗಡಿಸಿ ಜೋಡಿಸಿದ್ದು. ಅದರ ಹಿಂದಿನ ವರ್ಷವಷ್ಟೇ ಬಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ವಚನ ಶಾಸ್ತ್ರ ಸಾರದ ಮೊದಲ ಭಾಗ ಹೊರತಂದಿದ್ದರು. ಆಕಡೆ ಒಬ್ಬ ವಕೀಲರು, ಈಕಡೆ ಒಬ್ಬ ಪಾದ್ರಿ. ಉತ್ತರ ಕರ್ನಾಟಕದ ಇಬ್ಬರು ಮಂದಿ ಎರಡು ದೊಡ್ಡ ಗಂಟುಗಳನ್ನು ಬಿಚ್ಚಿ ನಾಡಿನ ಮುಂದೆ ಇಟ್ಟರು.

ಅಲ್ಲಿಗೇ ನಿಲ್ಲಲಿಲ್ಲ. ಮೋಳಿಗೆ ಮಾರಯ್ಯ, ಸಿದ್ಧರಾಮ, ಆದಯ್ಯ ಮುಂತಾದ ಶರಣರ ವಚನಗಳ ಸಂಪಾದನೆಗೂ ಕೈಹಾಕಿದರು. ಬಸವಣ್ಣನವರ ಅನುಭವ ಮಂಟಪ ನಿಜವಾಗಿ ಇತ್ತೋ ಇಲ್ಲವೋ ಎಂದು ವಿದ್ವಾಂಸರಲ್ಲಿ ಜಗಳ ಎದ್ದಾಗ, ಇತ್ತು ಎಂದು ಆಧಾರ ಒಡ್ಡಿ ಪುಸ್ತಕ ಬರೆದವರು ಈ ಕ್ರೈಸ್ತ ಪಾದ್ರಿ. ಜನ ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು. ಮನೆ ಮನೆ ತಿರುಗಿ ಅನ್ನದ ಬದಲು ಕನ್ನಡ ಬೇಡಿದವನು ಅಂತ ಅರ್ಥ ಮಾಡಿಕೊಳ್ಳಬಹುದು. ಬಿರುದು ಅಂದರೆ ಹೀಗಿರಬೇಕು ನೋಡಿ, ಹೊಗಳಿಕೆಯೂ ಹೌದು, ನಿಜವೂ ಹೌದು.

1949ರಲ್ಲಿ ಕಲಬುರ್ಗಿಯಲ್ಲಿ 32ನೇ ಕನ್ನಡ ಸಾಹಿತ್ಯ ಸಮ್ಮೇಳನ. ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಷ್ಟೇ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತ್ತು. ರಜಾಕಾರರ ಹಾವಳಿಯ ಗಾಯ ಇನ್ನೂ ಹಸಿ. ಆಡಳಿತದಲ್ಲಿ ಉರ್ದುವೇ ನಡೆದುಬಂದಿದ್ದ ಸೀಮೆ ಅದು. ಧರ್ಮದ ಹೆಸರಲ್ಲಿ ರಕ್ತ ಹರಿದ ಆ ನೆಲದಲ್ಲಿ ಕನ್ನಡದ ಹಿರಿಯ ಪೀಠಕ್ಕೆ ನಾಡು ಕೂಡಿಸಿದ್ದು ಯಾರನ್ನು? ಏಸುವಿನ ಸಭೆಯಲ್ಲಿ ದುಡಿದು, ಸರ್ವಜ್ಞನನ್ನು ಹೊತ್ತು, ಶರಣರ ಪರವಾಗಿ ವಾದಿಸಿದ ಉತ್ತಂಗಿ ಚನ್ನಪ್ಪನವರನ್ನು. ಅದಕ್ಕಿಂತ ತಕ್ಕ ಆಯ್ಕೆ ಸಿಗುತ್ತಿತ್ತೇ? ನೀವೇ ಹೇಳಿ.

1956ರಲ್ಲಿ ನಾಡು ಒಂದಾದದ್ದನ್ನೂ ಅವರು ಕಣ್ಣಾರೆ ಕಂಡರು. 1962ರಲ್ಲಿ ತೀರಿಕೊಂಡರು.

ಇಂದು ಸರ್ವಜ್ಞನಿಗೆ ಚೆನ್ನೈಯಲ್ಲೂ ಮೂರ್ತಿ ಇದೆ, 2009ರಲ್ಲಿ ಕೂಡಿಸಿದ್ದು. ಕಿಟೆಲ್ ಸಾಹೇಬರಿಗೆ ಬೆಂಗಳೂರಲ್ಲಿ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಸಂತೋಷವೇ, ದೊಡ್ಡ ಮನುಷ್ಯ ಅವರು. ಆದರೆ ಪರದೇಶದಿಂದ ಬಂದು ಕನ್ನಡ ಕಲಿತವರನ್ನು ನೆನೆಯುವಷ್ಟು, ನಮ್ಮ ಓಣಿಯಲ್ಲೇ ಹುಟ್ಟಿ ಕನ್ನಡ ಕಾಯ್ದವರನ್ನು ನೆನೆಯುವುದಿಲ್ಲವಲ್ಲ, ಅದೇ ಬೇಸರ. ಸಭೆಯವರು ಸಾಹಿತಿ ಅಂತ ದೂರ ಇಟ್ಟರೆ, ಸಾಹಿತಿಗಳು ಪಾದ್ರಿ ಅಂತ ದೂರ ಇಟ್ಟರೆ, ನಡುವೆ ಮನುಷ್ಯ ಕಳೆದೇ ಹೋಗುತ್ತಾನೆ.

ಚರ್ಚಿನ ಹಳೇ ದಾಖಲೆ ಪುಸ್ತಕಗಳಲ್ಲಿ ಹುಟ್ಟು, ಮದುವೆ, ಸಾವಿನ ಸಾಲುಗಳ ನಡುವೆ ಇಂಥವರು ಇನ್ನೆಷ್ಟು ಮಂದಿ ಇದ್ದಾರೋ. ಮಾಸ್ತರರು, ಅಚ್ಚು ಜೋಡಿಸಿದವರು, ಹಂಚು ಸುಟ್ಟವರು. ಗೆದ್ದಲು ಹಿಡಿಯುವ ಮೊದಲು ಒಬ್ಬರಾದರೂ ಕೂತು ಆ ಹೆಸರುಗಳನ್ನು ಬರೆದುಕೊಂಡರೆ ಊರಿಗೆ ಉಪಕಾರ. ಕೆಲಸ ಹೇಗೆ ಮಾಡಬೇಕು ಎಂಬುದಕ್ಕೆ ಮೇಲ್ಪಂಕ್ತಿಯಂತೂ ಇದ್ದೇ ಇದೆ: ತಿರುಗಬೇಕು, ಕೇಳಬೇಕು, ಬರೆದಿಡಬೇಕು.